ಎರವಲು ವಿಮಾನಗಳ ಜನರಲ್

ಬೆಂಗಳೂರಿನ ರಿಚ್ಮಂಡ್ ರೋಡಿಗೆ ಅಧಿಕೃತವಾಗಿ ಇನ್ನೊಂದು ಹೆಸರಿದೆ: ಜನರಲ್ ತಿಮ್ಮಯ್ಯ ರಸ್ತೆ. ಆಟೋದವರಿಗೆ ಆ ಹೆಸರು ಹೇಳಿದ್ರೆ ಅವರು ನಮ್ಮ ಮುಖವನ್ನೇ ನೋಡ್ತಾರೆ, ಅದು ಬೇರೆ ಮಾತು. ಅದೇ ತಿಮ್ಮಯ್ಯನವರ ಹೆಸರಿನ ಒಂದು ರಸ್ತೆ ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ, ಲಾರ್ನಕಾ ಅನ್ನೋ ಊರಿನಲ್ಲೂ ಇದೆ. ಕೊಡಗಿನ ಒಬ್ಬ ಮನುಷ್ಯನ ಹೆಸರು ಅಲ್ಲಿಗೆ ಹೇಗೆ ಹೋಯ್ತು?

ತಿಮ್ಮಯ್ಯನವರ ಬಗ್ಗೆ ಕೇಳಿದರೆ ಸಾಮಾನ್ಯವಾಗಿ ಎರಡು ವಿಷಯ ಹೊರಗೆ ಬರುತ್ತವೆ. ಒಂದು, ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದು. ಇನ್ನೊಂದು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಗಳವಾಗಿ 1959ರಲ್ಲಿ ರಾಜೀನಾಮೆ ಕೊಟ್ಟದ್ದು, ಆಮೇಲೆ ನೆಹರೂ ಮಾತಿಗೆ ಅದನ್ನು ವಾಪಸ್ ತಗೊಂಡದ್ದು. ಎರಡೂ ನಿಜ, ಎರಡೂ ದೊಡ್ಡವು. ಆದರೆ ಈ ಲೇಖನ ಅವುಗಳ ಬಗ್ಗೆ ಅಲ್ಲ. ತಿಮ್ಮಯ್ಯನವರು ಪೈಲಟ್ ಅಲ್ಲ, ವಾಯುಪಡೆಯವರೂ ಅಲ್ಲ, ಪಕ್ಕಾ ಕಾಲಾಳು ಪಡೆಯವರು. ಆದರೂ ಅವರ ಬದುಕಿನ ಮುಖ್ಯ ತಿರುವುಗಳಲ್ಲೆಲ್ಲ ಒಂದು ವಿಮಾನ ಇದೆ, ಮತ್ತು ಆ ವಿಮಾನ ಯಾವತ್ತೂ ಅವರದ್ದಲ್ಲ. ಯಾರೋ ಕೊಟ್ಟದ್ದು, ಯಾರದ್ದೋ ಷರತ್ತಿನ ಮೇಲೆ ಹಾರಿದ್ದು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳ ಗತಿ ಇವತ್ತಿಗೂ ಅದೇ. ವಿಶ್ವಸಂಸ್ಥೆಗೆ ಸ್ವಂತ ವಾಯುಪಡೆ ಅನ್ನೋದು ಇಲ್ಲ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕೂನೂರು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನ್, ಆಮೇಲೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾಗಿ ಸೇನೆಗೆ ಸೇರಿದರು. ಬ್ರಿಟಿಷ್ ಅಧಿಕಾರಿಗಳ ಬಾಯಲ್ಲಿ ತಿಮ್ಮಯ್ಯ ಹೋಗಿ ಟಿಮ್ಮಿ ಆಯ್ತು. 1935ರಲ್ಲಿ ನೀನಾ ಅವರ ಜೊತೆ ಮದುವೆ. ಅದೇ ವರ್ಷ ಇಬ್ಬರೂ ಈಗಿನ ಪಾಕಿಸ್ತಾನದ ಕ್ವೆಟ್ಟಾದಲ್ಲಿದ್ದರು.

ಮೇ 31ರ ಬೆಳಗಿನ ಜಾವ ಕ್ವೆಟ್ಟಾ ನೆಲಸಮವಾಯಿತು. ಸತ್ತವರ ಅಂದಾಜು ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ. ಗಂಡ ಹೆಂಡತಿ ಇಬ್ಬರೂ ಪರಿಹಾರ ಕೆಲಸಕ್ಕೆ ಇಳಿದರು. ನೀನಾ ಅವರಿಗೆ ಆ ಸೇವೆಗೆ ಕೈಸರ್-ಎ-ಹಿಂದ್ ಪದಕ ಬಂತು. ಇಲ್ಲಿ ಎಂಜಿನಿಯರಿಂಗ್ ಓದುವವರು ಗಮನಿಸಬೇಕಾದ ಒಂದು ವಿಷಯ ಇದೆ. ಕ್ವೆಟ್ಟಾದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆ ಇತ್ತು, ಆದರೆ ಭೂಕಂಪ ಆ ನೆಲೆಯನ್ನೂ ಬಿಡಲಿಲ್ಲ. ಬ್ಯಾರಕ್‌ಗಳು ಮಲಗಿದ್ದವರ ಮೇಲೇ ಬಿದ್ದವು, ವಿಮಾನಗಳಲ್ಲಿ ಹೆಚ್ಚಿನವು ಹಾರುವ ಸ್ಥಿತಿಯಲ್ಲಿ ಉಳಿಯಲಿಲ್ಲ. ಅನಾಹುತ ನಡೆದ ಜಾಗದಲ್ಲಿರುವ ವಿಮಾನ ತಾನೂ ಅನಾಹುತಕ್ಕೆ ಸಿಕ್ಕಿರುತ್ತದೆ. ಸಹಾಯ ಹೊರಗಿನಿಂದಲೇ ಹಾರಿ ಬರಬೇಕು. ಹೊರಗಿನದು ಅಂದಮೇಲೆ ಅದು ಇನ್ನೊಬ್ಬರದ್ದು.

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನಿನಲ್ಲಿ ಮೊದಲು ಬೆಟಾಲಿಯನ್, ಆಮೇಲೆ ಬ್ರಿಗೇಡ್. ಆ ಯುದ್ಧದಲ್ಲಿ ರಣರಂಗದಲ್ಲಿ ಬ್ರಿಗೇಡ್ ನಡೆಸಿದ ಏಕೈಕ ಭಾರತೀಯ ಅವರು. ಇದರ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ, ನಾನು ಮುಂದೆ ಹೋಗ್ತೀನಿ.

1948ರ ಮೇ ತಿಂಗಳು. ತಿಮ್ಮಯ್ಯನವರು ಈಗ ಮೇಜರ್ ಜನರಲ್, ಕಾಶ್ಮೀರದ ಡಿವಿಷನ್ ಅವರ ಕೈಯಲ್ಲಿದೆ. ಹಿಂದಿನ ಅಕ್ಟೋಬರ್‌ನಲ್ಲಿ ಶ್ರೀನಗರ ಉಳಿದದ್ದೇ ವಿಮಾನಗಳಿಂದ. ವಾಯುಪಡೆಯ ಡಕೋಟಾಗಳು ಸಾಲದೆ ಸರ್ಕಾರ ಖಾಸಗಿ ಏರ್‌ಲೈನ್‌ಗಳ ಡಕೋಟಾಗಳನ್ನೂ ಕರೆಸಿಕೊಂಡು ಸೈನಿಕರನ್ನು ತುಂಬಿ ಕಳಿಸಿತ್ತು. ಅಂದ್ರೆ ಸ್ವಂತ ದೇಶದ ಯುದ್ಧದಲ್ಲೂ ಮೊದಲ ದಿನದ ಪ್ರಶ್ನೆ ಯಾರ ಹತ್ರ ವಿಮಾನ ಇದೆ ಅನ್ನೋದೇ. ಈಗ ಲೇಹ್ ಪಟ್ಟಣ ಕೈಬಿಟ್ಟು ಹೋಗುವ ಹಾಗಿತ್ತು. ರಸ್ತೆ ಮುಚ್ಚಿದೆ. ನಡೆದು ಹೋಗುವ ಪಡೆ ಸಮಯಕ್ಕೆ ತಲುಪುವುದು ಅನುಮಾನ.

ಲೇಹ್‌ನಲ್ಲಿ ಸೋನಂ ನೋರ್ಬು ಅನ್ನೋ ಲಡಾಖಿ ಎಂಜಿನಿಯರ್ ಸ್ಥಳೀಯ ಜನರನ್ನು ಸೇರಿಸಿಕೊಂಡು, ಕೆಲವೇ ವಾರಗಳಲ್ಲಿ, ಸಿಂಧೂ ನದಿಯ ಹತ್ತಿರ ಒಂದು ಮಣ್ಣಿನ ಏರ್‌ಸ್ಟ್ರಿಪ್ ಮಾಡಿದ್ದರು. ನಮ್ಮ ಕಾಲೇಜಿನ ಸಿವಿಲ್‌ನವರು ಈ ಹೆಸರನ್ನು ಒಮ್ಮೆ ಹುಡುಕಿ ಓದಿ. ರೋಲರ್ ಇಲ್ಲ, ಡಾಂಬರು ಇಲ್ಲ, ಸರ್ವೇ ಮಾಡೋಕೆ ವಾರಗಟ್ಟಲೆ ಸಮಯ ಇಲ್ಲ. ಮಾಡಿದ ರನ್‌ವೇ ಸರಿಯಿದೆಯಾ ಅಂತ ಗೊತ್ತಾಗಬೇಕಾದ್ರೆ ಒಂದು ವಿಮಾನ ಇಳಿದೇ ನೋಡಬೇಕು.

ಆ ಎತ್ತರ ನಮಗೆ ಅರ್ಥವಾಗೋ ಹಾಗೆ ಹೇಳಬೇಕು ಅಂದ್ರೆ: ಮಧುಗಿರಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 3,900 ಅಡಿ. ಕೊನೆಯ ಭಾಗದಲ್ಲಿ ಬಂಡೆ ಹಿಡಿದು ಹತ್ತುವಾಗ ನಮ್ಮಲ್ಲಿ ಎಷ್ಟು ಜನ ಉಸಿರು ಬಿಟ್ಟಿದ್ದೀವಿ ಅಂತ ನಮಗೇ ಗೊತ್ತು. ಲೇಹ್‌ನ ರನ್‌ವೇ 10,500 ಅಡಿಗೂ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇ. 70ರ ಆಸುಪಾಸು. ಅಷ್ಟು ತೆಳು ಗಾಳಿಯಲ್ಲಿ ರೆಕ್ಕೆಗೆ ಲಿಫ್ಟ್ ಕಡಿಮೆ, ಎಂಜಿನ್ನಿಗೆ ಆಮ್ಲಜನಕ ಕಡಿಮೆ, ಪ್ರೊಪೆಲ್ಲರ್‌ಗೆ ಹಿಡಿತ ಕಡಿಮೆ. ಅದೇ ಲಿಫ್ಟ್ ಬೇಕಾದರೆ ಹೆಚ್ಚು ವೇಗದಲ್ಲಿ ಇಳಿಯಬೇಕು, ಹೆಚ್ಚು ಉದ್ದ ಓಡಿ ಏರಬೇಕು. ಏರೋಡೈನಾಮಿಕ್ಸ್ ಕ್ಲಾಸಿನಲ್ಲಿ ಬರುವ ಆ ಪುಟ್ಟ ರೋ ಅಕ್ಷರ ಇಲ್ಲಿ ಬದುಕು ಸಾವಿನ ಲೆಕ್ಕ. ದಾರಿಯಲ್ಲಿ ದಾಟಬೇಕಾದ ಶಿಖರಗಳ ಎತ್ತರ ಡಕೋಟಾ ಏರಬಲ್ಲ ಮಿತಿಯ ಹತ್ತಿರ ಹತ್ತಿರಕ್ಕೇ ಬರ್ತಿತ್ತು.

ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಸ್ವತಃ ಡಕೋಟಾ ಹಾರಿಸಿಕೊಂಡು ಹೊರಟರು. ಅಂಥ ಎತ್ತರಕ್ಕೆ ಬೇಕಾದ ಆಮ್ಲಜನಕದ ವ್ಯವಸ್ಥೆ ವಿಮಾನದಲ್ಲಿ ಇರಲಿಲ್ಲ. ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿದರೆ ಒಡೆಯುವ ಸಾಧನವೂ ಇರಲಿಲ್ಲ. ಒಳಗೆ ಕೂತ ಪ್ರಯಾಣಿಕ ಜನರಲ್ ತಿಮ್ಮಯ್ಯ. ವಿಮಾನ ಲೇಹ್‌ನಲ್ಲಿ ಇಳಿಯಿತು, ಮುಂದಿನ ದಿನಗಳಲ್ಲಿ ಗೂರ್ಖಾ ಸೈನಿಕರು ಅದೇ ದಾರಿಯಲ್ಲಿ ಬಂದಿಳಿದರು. ಲೇಹ್ ಉಳಿಯಿತು.

ಡಿವಿಷನ್ ಕಮಾಂಡರ್ ಒಬ್ಬರು ಇಂಥ ಮೊದಲ ಹಾರಾಟದಲ್ಲಿ ಕೂರುವ ಅಗತ್ಯ ಇರಲಿಲ್ಲ. ಸೇನೆಯ ನಿಯಮದ ಕಣ್ಣಿನಲ್ಲಿ ಅದು ತಪ್ಪು ಅಂತಲೂ ಯಾರಾದರೂ ವಾದಿಸಬಹುದು. ನನಗೆ ಅನ್ನಿಸೋದು ಬೇರೆ. ವಿಮಾನ ವಾಯುಪಡೆಯದ್ದು, ಅಪಾಯವೂ ವಾಯುಪಡೆಯದ್ದೇ ಅಂತ ಕೂತಿದ್ದರೆ ಕೇಳುವವರು ಒಂದು ಕಡೆ, ಕೊಡುವವರು ಇನ್ನೊಂದು ಕಡೆ ಆಗ್ತಿತ್ತು. ಇವರು ಒಳಗೆ ಹತ್ತಿ ಕೂತರು.

ಇನ್ನು ಕೊರಿಯಾ. ತಿಮ್ಮಯ್ಯನವರ ಬದುಕಿನಲ್ಲಿ ನನಗೆ ಅತ್ಯಂತ ವಿಚಿತ್ರ ಅನ್ನಿಸುವ ಅಧ್ಯಾಯ ಇದು.

1953ರ ಜುಲೈ 27ರಂದು ಕೊರಿಯಾ ಯುದ್ಧಕ್ಕೆ ಕದನ ವಿರಾಮ ಆಯ್ತು. ದೊಡ್ಡ ತಕರಾರು ಉಳಿದದ್ದು ಯುದ್ಧ ಕೈದಿಗಳದ್ದು. ದಕ್ಷಿಣದ ಕಡೆಯಲ್ಲಿದ್ದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂತಿದ್ದರು. ಉತ್ತರದ ಕಡೆಯಲ್ಲೂ 359 ಜನ ಹಾಗೇ ಅಂತಿದ್ದರು. ಇವರು ನಿಜವಾಗಿಯೂ ಸ್ವಂತ ಇಚ್ಛೆಯಿಂದ ಹಾಗೆ ಹೇಳ್ತಿದ್ದಾರಾ, ಅಥವಾ ಹೆದರಿಕೆಯಿಂದಲಾ? ಇದನ್ನು ನೋಡೋಕೆ ಐದು ದೇಶಗಳ ತಟಸ್ಥ ಆಯೋಗ ಮಾಡಿದರು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ, ಭಾರತ. ಅಧ್ಯಕ್ಷತೆ ಭಾರತದ್ದು, ಅಧ್ಯಕ್ಷರು ತಿಮ್ಮಯ್ಯ. ನಾಲ್ಕರಲ್ಲಿ ಎರಡು ಒಂದು ಕಡೆ ವಾಲಿದರೆ ಇನ್ನೆರಡು ಮತ್ತೊಂದು ಕಡೆ. ಕೊನೆಯ ವೋಟು ಯಾವಾಗಲೂ ಇವರ ಮೇಲೆ ಬೀಳುವ ಹಾಗಿತ್ತು. ಕೈದಿಗಳನ್ನು ಕಾಯುವ ಕೆಲಸ ಮೇಜರ್ ಜನರಲ್ ಥೋರಟ್ ನೇತೃತ್ವದ ಭಾರತೀಯ ಪಡೆಯದ್ದು, ಸುಮಾರು ಆರು ಸಾವಿರ ಜನ.

ಭಾರತೀಯ ಸೈನಿಕರು ಹಡಗಿನಲ್ಲಿ ಇಂಚಾನ್ ಬಂದರಿನ ಹತ್ತಿರ ಬಂದರು. ಅಲ್ಲಿಗೆ ಕೆಲಸ ನಿಂತಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತದ ಮೇಲೆ ನಂಬಿಕೆ ಇಲ್ಲ. ಒಬ್ಬನೇ ಒಬ್ಬ ಭಾರತೀಯ ಸೈನಿಕ ತನ್ನ ನೆಲದ ಮೇಲೆ ಕಾಲಿಡಕೂಡದು ಅನ್ನೋದು ಅವರ ಪಟ್ಟು. ಕೈದಿಗಳ ಶಿಬಿರ ಇರೋದು ಎರಡು ಕೊರಿಯಾಗಳ ನಡುವಿನ ಸೇನಾರಹಿತ ವಲಯದಲ್ಲಿ. ಬಂದರಿನಿಂದ ಅಲ್ಲಿಗೆ ನೇರ ಗೆರೆಯಲ್ಲಿ ಸುಮಾರು 55 ಕಿಲೋಮೀಟರ್, ಹೆಚ್ಚುಕಡಿಮೆ ಮಧುಗಿರಿಯಿಂದ ಪಾವಗಡದಷ್ಟು. ಆ ಪೂರ್ತಿ ದಾರಿ ದಕ್ಷಿಣ ಕೊರಿಯಾದ ನೆಲ. ನೆಲ ಮುಟ್ಟದೆ ಆರು ಸಾವಿರ ಜನ ಅದನ್ನು ದಾಟಬೇಕು.

ಅಮೆರಿಕದವರು ಪಾಯಿಂಟ್ ಕ್ರೂಜ್ ಅನ್ನೋ ಸಣ್ಣ ವಿಮಾನವಾಹಕ ನೌಕೆಯನ್ನು ತಂದು ನಿಲ್ಲಿಸಿದರು. ಭಾರತೀಯರು ತಮ್ಮ ಹಡಗಿನಿಂದ ಅದರ ಡೆಕ್ಕಿಗೆ ಬಂದರು, ಡೆಕ್ಕಿನಿಂದ ಹೆಲಿಕಾಪ್ಟರ್ ಹತ್ತಿದರು, ಸೇನಾರಹಿತ ವಲಯದಲ್ಲಿ ಇಳಿದರು. ಈ ಕಾರ್ಯಾಚರಣೆಯ ಹೆಸರು ಆಪರೇಷನ್ ಪ್ಲಾಟ್‌ಫಾರ್ಮ್. ಆ ಕಾಲದ ಸಿಕೋರ್ಸ್ಕಿ ಎಚ್-19 ಮಾದರಿಯ ಹೆಲಿಕಾಪ್ಟರ್‌ನಲ್ಲಿ ಹೆಚ್ಚೆಂದರೆ ಹತ್ತು ಸೈನಿಕರು ಕೂರಬಹುದು. ಲೆಕ್ಕ ಹಾಕಿ: ಆರು ಸಾವಿರ ಭಾಗಿಸು ಹತ್ತು, ಕನಿಷ್ಠ ಆರು ನೂರು ಟ್ರಿಪ್. ಪ್ರತಿ ಟ್ರಿಪ್ಪಿಗೂ ಖಾಲಿ ವಾಪಸ್ ಹಾರಾಟ. ಒಂದೇ ಒಂದು ಪಿಸ್ಟನ್ ಎಂಜಿನ್ನಿನ, ಇವತ್ತಿನ ಕಣ್ಣಿಗೆ ಆಟಿಕೆ ಥರ ಕಾಣುವ ಯಂತ್ರದಲ್ಲಿ. ಹೆಲಿಕಾಪ್ಟರ್ ಅನ್ನೋದನ್ನು ಆವರೆಗೆ ಹತ್ತಿರದಿಂದ ನೋಡಿಯೂ ಇರದ ಗಢವಾಲಿನ, ರಾಜಸ್ಥಾನದ ಹುಡುಗರು ಅದರಲ್ಲಿ ಕೂತು ಹಾರಿದರು.

ಇಲ್ಲಿರುವ ತೊಡಕು ಬರೀ ಸಾಗಾಟದ್ದಲ್ಲ. ತಟಸ್ಥರಾಗಿರಬೇಕಾದ ಪಡೆ ಬಂದಿಳಿದದ್ದು ಯುದ್ಧದಲ್ಲಿ ಭಾಗಿಯಾಗಿದ್ದ ಒಂದು ಪಕ್ಷದ ಹೆಲಿಕಾಪ್ಟರ್‌ನಲ್ಲಿ! ಚೀನಾ ಮತ್ತು ಉತ್ತರ ಕೊರಿಯಾದ ಕಡೆಯವರು ಅದನ್ನು ಹೇಗೆ ನೋಡ್ತಾರೆ? ಇನ್ನೊಂದು ಕಡೆ, ದಕ್ಷಿಣ ಕೊರಿಯಾಕ್ಕೆ ಭಾರತ ಅಂದ್ರೆ ಕಮ್ಯುನಿಸ್ಟರ ಕಡೆಯವರು. ತಿಮ್ಮಯ್ಯನವರು ಆ ಹೆಲಿಕಾಪ್ಟರ್ ಬೇಡ ಅಂದಿದ್ದರೆ ಪಡೆ ಹಡಗಿನಲ್ಲೇ ಕೊಳೆಯುತ್ತಿತ್ತು. ಬೇಕು ಅಂದದ್ದಕ್ಕೆ ಮುಂದಿನ ಪ್ರತಿಯೊಂದು ತೀರ್ಮಾನದಲ್ಲೂ ತಾನು ಯಾರ ಋಣದಲ್ಲೂ ಇಲ್ಲ ಅಂತ ತೋರಿಸಬೇಕಾಯ್ತು.

ಅವರು ತೋರಿಸಿದರು ಅಂತಲೇ ನನ್ನ ಅಭಿಪ್ರಾಯ. ಕೈದಿಗಳಿಗೆ ಅವರವರ ದೇಶದ ಪ್ರತಿನಿಧಿಗಳು ಬಂದು ವಿವರಣೆ ಕೊಡೋಕೆ ತೊಂಬತ್ತು ದಿನ ಇತ್ತು. ಗಲಾಟೆ, ಬಹಿಷ್ಕಾರಗಳ ನಡುವೆ ಆ ಕೆಲಸ ನಿಜವಾಗಿ ನಡೆದದ್ದು ಬೆರಳೆಣಿಕೆಯ ದಿನ. ಶಿಬಿರದ ಒಳಗೆ ಕೈದಿಗಳದ್ದೇ ಗುಂಪುಗಳು, ಅವರದ್ದೇ ಹೊಡೆದಾಟ, ಕೊಲೆ. ಬಲ ಹಾಕಿ ಕೈದಿಗಳನ್ನು ವಿವರಣೆಗೆ ಎಳೆತಂದು ಕೂರಿಸಿ ಅಂತ ಒಂದು ಕಡೆ. ಅವಧಿ ಮುಗಿದ ತಕ್ಷಣ ಬಿಟ್ಟುಬಿಡಿ ಅಂತ ಇನ್ನೊಂದು ಕಡೆ. ತಿಮ್ಮಯ್ಯನವರು ಎರಡನ್ನೂ ಮಾಡಲಿಲ್ಲ. ಬಲ ಹಾಕಲಿಲ್ಲ. ಬಿಡುಗಡೆ ಅಂತಲೂ ಘೋಷಿಸಲಿಲ್ಲ. 1954ರ ಜನವರಿಯಲ್ಲಿ ಯಾರು ಕೈದಿಗಳನ್ನು ಒಪ್ಪಿಸಿದ್ದರೋ ಅವರಿಗೇ ವಾಪಸ್ ಒಪ್ಪಿಸಿದರು. ಎರಡೂ ಕಡೆಯವರು ಬೈದರು. ಯಾವ ಕೊರಿಯಾಕ್ಕೂ, ಚೀನಾಕ್ಕೂ ಹೋಗದೆ ಬೇರೆ ದೇಶ ಬೇಕು ಅಂದ ಎಂಬತ್ತಕ್ಕೂ ಹೆಚ್ಚು ಜನರನ್ನು ಭಾರತೀಯ ಪಡೆ ತನ್ನ ಜೊತೆ ಭಾರತಕ್ಕೆ ಕರೆತಂದಿತು. ಅದೇ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಬಂತು.

ಕೊರಿಯಾದಲ್ಲಿ ಎರವಲು ವಿಮಾನ ಹತ್ತಿದ ಭಾರತೀಯರಲ್ಲಿ ಇವರೇ ಮೊದಲಿಗರಲ್ಲ. 1950ರಿಂದಲೇ ಭಾರತದ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ ಅಲ್ಲಿತ್ತು. 1951ರ ಮಾರ್ಚ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ರಂಗರಾಜ್ ನೇತೃತ್ವದಲ್ಲಿ ಅದರ ಒಂದು ಸಣ್ಣ ತಂಡ ಅಮೆರಿಕದ ವಿಮಾನಗಳಿಂದ, ಅಮೆರಿಕದ ಪ್ಯಾರಾಟ್ರೂಪರ್‌ಗಳ ಜೊತೆ, ಮುನ್ಸಾನ್ ಹತ್ತಿರ ಧುಮುಕಿ ಗಾಯಾಳುಗಳ ಶುಶ್ರೂಷೆ ಮಾಡಿತ್ತು. ಭಾರತ ಬಂದೂಕು ಹಿಡಿದ ಸೈನಿಕರನ್ನು ಕೊಟ್ಟಿರಲಿಲ್ಲ, ಡಾಕ್ಟರುಗಳನ್ನು ಕೊಟ್ಟಿತ್ತು. ಡಾಕ್ಟರುಗಳಿಗೆ ವಿಮಾನ ಇನ್ನೊಬ್ಬರದ್ದು.

1957ರ ಮೇ 8ರಂದು ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು, 1961ರ ಮೇ 7ಕ್ಕೆ ನಿವೃತ್ತಿ. ರಾಜೀನಾಮೆ ಪ್ರಕರಣ ಈ ನಡುವೆ ಆದದ್ದು. ಅವರ ಅಧಿಕಾರದ ಕೊನೆಯ ತಿಂಗಳುಗಳಲ್ಲಿ ಭಾರತದ ಒಂದು ಪೂರ್ತಿ ಬ್ರಿಗೇಡ್ ಆಫ್ರಿಕಾದ ಕಾಂಗೋಗೆ, ವಿಶ್ವಸಂಸ್ಥೆಯ ಪಡೆ ಸೇರೋಕೆ ಹೊರಟಿತು. ಕಾಂಗೋದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ತಿಮ್ಮಯ್ಯನವರು ಮುಂದೆ ಸೈಪ್ರಸ್‌ಗೆ ಹೋಗುವ ಹೊತ್ತಿಗೆ ವಿಶ್ವಸಂಸ್ಥೆ ವಿಮಾನಗಳ ಬಗ್ಗೆ ಕಲಿತಿದ್ದ ಪಾಠವೆಲ್ಲ ಅಲ್ಲಿನದೇ.

ಕಟಾಂಗಾ ಅನ್ನೋ ಪ್ರಾಂತ್ಯ ಕಾಂಗೋದಿಂದ ಬೇರೆ ಆಗ್ತೀನಿ ಅಂತಿತ್ತು. 1961ರ ಸೆಪ್ಟೆಂಬರ್‌ನಲ್ಲಿ ಅವರ ಹತ್ತಿರ ಹಾರುತ್ತಿದ್ದದ್ದು ಒಂದೇ ಒಂದು ಫೂಗಾ ಮ್ಯಾಜಿಸ್ಟರ್, ತರಬೇತಿಗೆ ಅಂತ ಮಾಡಿದ ಪುಟ್ಟ ಜೆಟ್. ಆ ಒಂದು ಜೆಟ್ ವಿಶ್ವಸಂಸ್ಥೆಯ ಸಾವಿರಾರು ಸೈನಿಕರನ್ನು ಕಂಗೆಡಿಸಿಬಿಟ್ಟಿತು. ವಿಶ್ವಸಂಸ್ಥೆಯ ಬಳಿ ಇದ್ದದ್ದೆಲ್ಲ ಸಾಗಾಟದ ವಿಮಾನ, ಫೈಟರ್ ಒಂದೂ ಇರಲಿಲ್ಲ. ಇಥಿಯೋಪಿಯಾ ತನ್ನ ಸೇಬರ್ ಜೆಟ್‌ಗಳನ್ನು ಕೊಡ್ತೀನಿ ಅಂತು, ಆದರೆ ಅವು ಬರುವ ದಾರಿ ಬ್ರಿಟಿಷರ ಆಳ್ವಿಕೆಯ ಪೂರ್ವ ಆಫ್ರಿಕಾದ ಮೇಲೆ. ಬ್ರಿಟನ್ ಅನುಮತಿ ಕೊಡೋದನ್ನು ಎಳೆದಾಡಿತು. ಕೊಡುವವರು ಸಿಕ್ಕಿದರೂ ದಾರಿ ಬಿಡುವವರು ಬೇಕು, ಇದು ಎರಡನೇ ಬಾಗಿಲು. ಅದೇ ಸೆಪ್ಟೆಂಬರ್ 18ರಂದು ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಸಂಧಾನಕ್ಕೆ ಹೊರಟಿದ್ದ ವಿಮಾನ ಎನ್‌ಡೋಲಾ ಹತ್ತಿರ ಬಿದ್ದು ಅವರು ತೀರಿಕೊಂಡರು. ಆ ಡಿಸಿ-6 ಸ್ವೀಡನ್ನಿನ ಒಂದು ಖಾಸಗಿ ಕಂಪನಿಯಿಂದ ಬಾಡಿಗೆಗೆ ಪಡೆದದ್ದು.

ಆಮೇಲೆ ಸ್ವೀಡನ್ ತನ್ನ ಜೆಟ್ ಕಳಿಸಿತು, ಇಥಿಯೋಪಿಯಾದವು ಬಂದವು. ಭಾರತ ತನ್ನ 5ನೇ ಸ್ಕ್ವಾಡ್ರನ್ನಿನ ಆರು ಕ್ಯಾನ್‌ಬೆರಾ ಬಾಂಬರ್‌ಗಳನ್ನು ಕೊಟ್ಟಿತು. ಡಿಸೆಂಬರ್‌ನಲ್ಲಿ ಅವು ಕೋಲ್ವೆಜಿ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿ ಕಟಾಂಗಾದ ವಿಮಾನಗಳನ್ನು ನೆಲದ ಮೇಲೇ ಸುಟ್ಟವು. ಮುಂದಿನ ವರ್ಷ, 1962ರ ಅಕ್ಟೋಬರ್‌ನಲ್ಲಿ, ಚೀನಾ ಜೊತೆ ಯುದ್ಧ ಶುರುವಾದಾಗ ಭಾರತ ಕ್ಯಾನ್‌ಬೆರಾಗಳನ್ನು ವಾಪಸ್ ಕರೆಸಿಕೊಂಡಿತು. ತಪ್ಪೇನಿಲ್ಲ, ಮನೆಗೆ ಬೆಂಕಿ ಬಿದ್ದಾಗ ಪಕ್ಕದೂರಿಗೆ ಕೊಟ್ಟ ಬಿಂದಿಗೆಯನ್ನು ಯಾರಾದರೂ ವಾಪಸ್ ಕೇಳ್ತಾರೆ. ಆದರೆ ವಿಶ್ವಸಂಸ್ಥೆಯ ಕೈಯಲ್ಲಿ ಬಾಂಬರ್ ಇಲ್ಲವಾಯಿತು.

ಸ್ವಲ್ಪ ಈಗಿನ ಕಾಲಕ್ಕೆ ಬಂದು ಹೋಗೋಣ. ಈಗ ವಿಶ್ವಸಂಸ್ಥೆ ಇದಕ್ಕೆಲ್ಲ ಒಂದು ಪದ್ಧತಿ ಮಾಡಿಕೊಂಡಿದೆ. ಸೇನೆಯ ವಿಮಾನ, ಹೆಲಿಕಾಪ್ಟರ್ ಬೇಕಾದರೆ ದೇಶಗಳ ಜೊತೆ ಲೆಟರ್ ಆಫ್ ಅಸಿಸ್ಟ್ ಅನ್ನೋ ಒಪ್ಪಂದ. ಸಾಮಾನು, ಜನ ಸಾಗಿಸುವ ನಾಗರಿಕ ವಿಮಾನ ಬೇಕಾದರೆ ಟೆಂಡರ್ ಕರೆದು ಕಂಪನಿಗಳಿಂದ ಬಾಡಿಗೆ. ಅದನ್ನು ನಮ್ಮೂರಿನ ಜೆಸಿಬಿ ಬಾಡಿಗೆ ಅಂತಲೇ ತಿಳ್ಕೊಳ್ಳಿ. ಯಂತ್ರ ಅವರದ್ದು, ಆಪರೇಟರ್ ಅವರದ್ದು, ಕೆಟ್ಟರೆ ರಿಪೇರಿ ಅವರದ್ದು, ನಾವು ಗಂಟೆಗಿಷ್ಟು ಅಂತ ಕೊಡೋದು. ಇದಕ್ಕೆ ವೆಟ್ ಲೀಸ್ ಅಂತಾರೆ. ಬಂದ ಮೇಲೆ ಬಿಳಿ ಬಣ್ಣ ಬಳಿದು ಕಪ್ಪು ಅಕ್ಷರದಲ್ಲಿ ಯುಎನ್ ಅಂತ ಬರೀತಾರೆ. ಬಣ್ಣ ಬದಲಾದರೂ ಮಾಲೀಕರು ಬದಲಾಗಲ್ಲ. ಪೈಲಟ್ ಎಲ್ಲಿಗೆ ಹಾರಬಹುದು, ರಾತ್ರಿ ಹಾರಬಹುದಾ, ಗುಂಡು ಹಾರುವ ಜಾಗಕ್ಕೆ ಹೋಗಬಹುದಾ ಅನ್ನೋದರಲ್ಲಿ ಕೊಟ್ಟವರ ಮಾತು ನಡೆದೇ ನಡೆಯುತ್ತೆ. ಪರಿಹಾರ ಕಾರ್ಯಕರ್ತರನ್ನು, ಔಷಧಿಯನ್ನು ಹೊತ್ತು ಹಾರುವ ಯುಎನ್‌ಹಾಸ್ ಸೇವೆಯನ್ನು ವಿಶ್ವ ಆಹಾರ ಕಾರ್ಯಕ್ರಮ ನಡೆಸುತ್ತೆ, ಅದೂ ಬಾಡಿಗೆ ವಿಮಾನಗಳಲ್ಲೇ. ಇದೇ ಕಾಂಗೋಗೆ 2003ರ ನಂತರ ಭಾರತ ಮತ್ತೆ ಮಿ-17, ಮಿ-35 ಹೆಲಿಕಾಪ್ಟರ್‌ಗಳನ್ನು ಕೊಟ್ಟಿತ್ತು. 2011ರ ಹೊತ್ತಿಗೆ ಇಲ್ಲಿಯೇ ಬೇಕು ಅಂತ ದಾಳಿ ಹೆಲಿಕಾಪ್ಟರ್‌ಗಳನ್ನು ವಾಪಸ್ ಕರೆಸಿಕೊಂಡಿತು. ಅರ್ಧ ಶತಮಾನದ ನಂತರವೂ ಅದೇ ಕಥೆ.

ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತಲ್ಲ, ಅಲ್ಲಿ ಕೆಲಸ ಸಿಗುತ್ತಾ ಅಂತ ನಮ್ಮಲ್ಲಿ ಅರ್ಧ ಜನ ಕಣ್ಣಿಟ್ಟಿದ್ದೀವಿ. ಎಚ್‌ಎಎಲ್ ಬೆಂಗಳೂರಿನಲ್ಲಿ ಮಾಡಿದ ಧ್ರುವ್ ಹೆಲಿಕಾಪ್ಟರ್‌ಗಳು 2015ರ ನೇಪಾಳ ಭೂಕಂಪದಲ್ಲಿ ಗಾಯಾಳುಗಳನ್ನು ಹೊತ್ತಿವೆ. ನಾವು ಮಾಡುವ ಯಂತ್ರ ಯಾರದ್ದೋ ಊರಿನಲ್ಲಿ ಎರವಲು ರೆಕ್ಕೆಯಾಗಿ ಹಾರುವುದು ದೂರದ ಮಾತೇನಲ್ಲ.

ಮತ್ತೆ ತಿಮ್ಮಯ್ಯನವರಿಗೆ ಬರೋಣ. ನಿವೃತ್ತಿಯಾಗಿ ಕೊಡಗಿಗೆ ಬಂದವರನ್ನು ವಿಶ್ವಸಂಸ್ಥೆ ಮತ್ತೆ ಕರೆಯಿತು. 1964ರ ಮಾರ್ಚ್ 4ರ ಭದ್ರತಾ ಮಂಡಳಿಯ 186ನೇ ನಿರ್ಣಯದಿಂದ ಸೈಪ್ರಸ್‌ನಲ್ಲಿ ಶಾಂತಿಪಾಲನಾ ಪಡೆ ಶುರುವಾಗಿತ್ತು. ಗ್ರೀಕ್ ಸೈಪ್ರಿಯಟ್ಟರು, ಟರ್ಕಿಶ್ ಸೈಪ್ರಿಯಟ್ಟರ ನಡುವೆ ಊರೂರಿನಲ್ಲೂ ಗುಂಡಿನ ಕಾಳಗ. ಮೊದಲ ಕಮಾಂಡರ್ ಕೂಡ ಭಾರತೀಯರೇ, ಲೆಫ್ಟಿನೆಂಟ್ ಜನರಲ್ ಗ್ಯಾನಿ. ಅವರ ನಂತರ, 1964ರ ಜುಲೈನಲ್ಲಿ, ತಿಮ್ಮಯ್ಯ.

ಈ ಪಡೆಯ ಖರ್ಚಿನ ಏರ್ಪಾಡು ನೋಡಿದ್ರೆ ನಗು ಬರುತ್ತೆ, ಅಳುವೂ ಬರುತ್ತೆ. ಸೈನಿಕರನ್ನು ಕೊಟ್ಟ ದೇಶಗಳು ಒಂದಷ್ಟು, ಸೈಪ್ರಸ್ ಸರ್ಕಾರ ಒಂದಷ್ಟು, ಉಳಿದದ್ದು ದೇಶಗಳು ಮನಸ್ಸು ಬಂದಷ್ಟು ಹಾಕುವ ದೇಣಿಗೆ. ಗಣೇಶನ ಹಬ್ಬದ ಚಂದಾ ಥರ. ಅವಧಿ ಮೂರು ತಿಂಗಳು, ಆಮೇಲೆ ಮತ್ತೆ ಮೂರು ತಿಂಗಳು. ಹೀಗಿರುವಾಗ ಸ್ವಂತ ವಿಮಾನದ ಮಾತೆಲ್ಲಿ? ಕೆನಡಾ ತನ್ನ ಸೈನಿಕರನ್ನು ತನ್ನದೇ ವಾಯುಪಡೆಯ ಯೂಕಾನ್ ವಿಮಾನಗಳಲ್ಲಿ ಕಳಿಸಿತ್ತು. ದ್ವೀಪದ ಒಳಗೆ ಓಡಾಡಲು, ಮೇಲಿನಿಂದ ನೋಡಲು ಬೇಕಾದ ಹೆಲಿಕಾಪ್ಟರ್, ಸಣ್ಣ ವಿಮಾನಗಳು ಬ್ರಿಟಿಷರವು. 1960ರವರೆಗೆ ಸೈಪ್ರಸ್ಸನ್ನು ಆಳಿದವರು ಅವರೇ. ದ್ವೀಪದಲ್ಲಿ ಅಕ್ರೋತಿರಿ, ಧೆಕೇಲಿಯಾ ಅನ್ನೋ ಎರಡು ನೆಲೆಗಳನ್ನು ಸ್ವಂತಕ್ಕೆ ಇಟ್ಟುಕೊಂಡವರೂ ಅವರೇ. ಹಳೇ ದೊರೆಗಳ ಗಾಡಿಯಲ್ಲಿ ಕೂತು ನಾವು ಯಾರ ಪರವೂ ಅಲ್ಲ ಅಂತ ಹೇಳಬೇಕು. ಕೊರಿಯಾ ನೋಡಿದ್ದ ತಿಮ್ಮಯ್ಯನವರಿಗೆ ಈ ಪರಿಸ್ಥಿತಿ ಹೊಸದಾಗಿರಲಿಲ್ಲ.

ಬಂದು ಸುಮಾರು ಒಂದು ತಿಂಗಳಿಗೆ ಪರೀಕ್ಷೆ ಎದುರಾಯ್ತು. ಆಗಸ್ಟ್‌ನಲ್ಲಿ ಗ್ರೀಕ್ ಸೈಪ್ರಿಯಟ್ ಪಡೆಗಳು ವಾಯವ್ಯ ಕರಾವಳಿಯ ಕೊಕ್ಕಿನಾ ಪ್ರದೇಶದ ಟರ್ಕಿಶ್ ಹಳ್ಳಿಗಳ ಮೇಲೆ ನುಗ್ಗಿದವು. 8 ಮತ್ತು 9ನೇ ತಾರೀಖು ಟರ್ಕಿಯ ಜೆಟ್‌ಗಳು ಬಂದು ಬಾಂಬ್ ಹಾಕಿದವು. ಟರ್ಕಿಯ ಒಂದು ಎಫ್-100 ವಿಮಾನ ಉರುಳಿತು. ಎರಡು ನ್ಯಾಟೋ ದೇಶಗಳು, ಗ್ರೀಸ್ ಮತ್ತು ಟರ್ಕಿ, ಯುದ್ಧದ ಅಂಚಿಗೆ ಬಂದವು. ಆಕಾಶದಲ್ಲಿ ತಿಮ್ಮಯ್ಯನವರಿಗೆ ಏನೂ ಇರಲಿಲ್ಲ. ಜೆಟ್ ತಡೆಯುವ ಜೆಟ್ ಇಲ್ಲ, ಇದ್ದರೂ ಬಳಸುವ ಅಧಿಕಾರ ಇಲ್ಲ. ಅವರ ಜನ ಕಂದಕಗಳ ನಡುವೆ ಇದ್ದರು, ಕಂಡದ್ದನ್ನು ವರದಿ ಮಾಡಿದರು, ಎರಡೂ ಕಡೆಯವರ ಜೊತೆ ಮಾತಾಡಿದರು. ಭದ್ರತಾ ಮಂಡಳಿ ಕದನ ವಿರಾಮಕ್ಕೆ ಕರೆ ಕೊಟ್ಟಿತು, ಬಾಂಬ್ ನಿಂತಿತು.

ಮುಂದಿನ ಹದಿನಾರು ತಿಂಗಳು ಇಂಥ ದೊಡ್ಡ ಸುದ್ದಿ ಇಲ್ಲ, ಸಣ್ಣ ಸಣ್ಣ ಜಗಳಗಳೇ. ಸರ್ಕಾರ ಟರ್ಕಿಶ್ ಸೈಪ್ರಿಯಟ್ಟರ ಪ್ರದೇಶಗಳಿಗೆ ಸಾಮಾನು ಹೋಗದ ಹಾಗೆ ನಿರ್ಬಂಧ ಹಾಕಿತ್ತು. ಆಹಾರದ ಲಾರಿಗಳಿಗೆ ವಿಶ್ವಸಂಸ್ಥೆಯ ಪಡೆ ಕಾವಲು ಹೋಗಬೇಕಿತ್ತು. ಒಂದು ಚೆಕ್‌ಪೋಸ್ಟ್, ಒಂದು ಬಾವಿ, ಸುಗ್ಗಿಯ ಹೊಲಕ್ಕೆ ಹೋಗುವ ದಾರಿ: ಇಂಥದ್ದಕ್ಕೆಲ್ಲ ಸಂಧಾನ. ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಸಿಕ್ಕರೆ ಹೆಚ್ಚು. ಅಲ್ಲಿ ಬದುಕಿದವರಿಗೆ ಮಾತ್ರ ಅದೇ ಎಲ್ಲ.

1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲೇ, ಕೆಲಸದಲ್ಲಿರುವಾಗಲೇ, ತಿಮ್ಮಯ್ಯನವರು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59. ಅವರ ದೇಹವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದರು. ಸಮಾಧಿ ಇರೋದು ವಿಲ್ಸನ್ ಗಾರ್ಡನ್ನಿನಲ್ಲಿ. ಸೈಪ್ರಸ್ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಮನೆ ಸನ್ನಿ ಸೈಡ್ ಎಷ್ಟೋ ಕಾಲ ಆರ್‌ಟಿಓ ಕಚೇರಿಯಾಗಿತ್ತು. ಲೇಹ್‌ಗೆ ಡಕೋಟಾದಲ್ಲಿ ಹೋದವರ ಮನೆಯಲ್ಲಿ ಸ್ಕೂಟರ್ ಲೈಸೆನ್ಸ್ ಕೊಡ್ತಿದ್ದರು! 2021ರ ಫೆಬ್ರವರಿಯಲ್ಲಿ ಅದನ್ನು ಮ್ಯೂಸಿಯಂ ಮಾಡಿ ರಾಷ್ಟ್ರಪತಿಗಳು ಉದ್ಘಾಟಿಸಿದರು. ಮುಂದಿನ ಸಲ ಕೊಡಗಿನ ಟ್ರಿಪ್ ಪ್ಲ್ಯಾನ್ ಮಾಡುವವರು ರಾಜಾಸೀಟು, ಅಬ್ಬಿ ಫಾಲ್ಸ್ ಜೊತೆ ಇದಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ.